ಗಾರ್ಡ್ ಕೋಟಿನ ವಿಚಾರಣೆ

ಕೋಟು ಇರಲಿಲ್ಲ.

ಕಾಶಿಬಾಯಿ ಟ್ರಂಕಿನೊಳಗೆ ತಲೆ ಹಾಕಿ ನೋಡಿದಳು. ಹೊರಗೆಳೆದು ಬೆಳಕಿನಲ್ಲಿ ನೋಡಿದಳು. ಕೊನೆಗೆ ಟ್ರಂಕನ್ನೇ ಬೋರಲು ಹಾಕಿ ನಾಲ್ಕು ಬಡಿದಳು. ಒಣಗಿದ ಬೇವಿನೆಲೆ ಉದುರಿತು. ಎರಡು ಡಾಂಬರ ಗುಳಿಗೆ ಬಿದ್ದವು. ಒಂದು ಜಿರಲೆ ಬಿದ್ದು, ಅತ್ತ ಹೋಗಲೋ ಇತ್ತ ಹೋಗಲೋ ಎಂದು ಯೋಚಿಸಿ, ಅಡಿಗೆಮನೆಯ ಕಡೆ ಹೋಯಿತು. (ಡಾಂಬರ ಗುಳಿಗೆ ಇದ್ದಲ್ಲಿ ಜಿರಲೆ ಸುಳಿಯುವುದಿಲ್ಲ ಎಂದು ಅಂಗಡಿಯವನು ಆಣೆ ಮಾಡಿ ಹೇಳಿದ್ದ.) ಕೋಟು ಮಾತ್ರ ಬೀಳಲಿಲ್ಲ.

ಕೋಟು ಆಕೆಯ ಗಂಡ ರುದ್ರಪ್ಪನವರದು. ರುದ್ರಪ್ಪನವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ನೀಲಿ ಉಣ್ಣೆಯ ಕೋಟು, ಎರಡು ಸಾಲು ಹಿತ್ತಾಳೆ ಗುಂಡಿ. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಜ್ವರ ಬಂದು ಆರೇ ದಿನದಲ್ಲಿ ಹೋಗಿಬಿಟ್ಟರು. ರೈಲ್ವೆಯವರು ಬಂದು ಸೀಟಿ ಕೇಳಿದರು, ಬಾವುಟ ಕೇಳಿದರು, ಲಾಟೀನು ಕೇಳಿದರು. ಕೋಟು ಕೇಳಲು ಮರೆತರು. ಕಾಶಿಬಾಯಿ ನೆನಪು ಮಾಡಲಿಲ್ಲ.

ಅಂದಿನಿಂದ ಆಕೆ ಮೈದುನ ಬಸವಂತನ ಮನೆಯಲ್ಲಿದ್ದಳು. ನಾಗಪುರದ ರೈಲ್ವೆ ಕ್ವಾರ್ಟರ್ಸು, ಎರಡು ಕೋಣೆ. ಬಸವಂತ ರೈಲ್ವೆ ಆಫೀಸಿನಲ್ಲಿ ಗುಮಾಸ್ತ. ಅವನ ಹೆಂಡತಿ ವನಜಾಕ್ಷಿ. ಮನೆಯಲ್ಲಿ ಮೂರು ಜನ, ಒಂದು ಟ್ರಂಕು. ಟ್ರಂಕಿನ ಜಾಗದಲ್ಲಿ ಹೊಲಿಗೆ ಮಷೀನು ಇಡಬೇಕೆಂದು ವನಜಾಕ್ಷಿಗೆ ಆಸೆ. ಆಸೆಯನ್ನು ದಿನಕ್ಕೆ ಎರಡು ಸಲ ಹೇಳಿಕೊಳ್ಳುತ್ತಿದ್ದಳು, ಊಟಕ್ಕೆ ಮೊದಲೊಮ್ಮೆ, ಊಟವಾದ ಮೇಲೊಮ್ಮೆ.

ಆದ್ದರಿಂದ ಕೋಟು ಇಲ್ಲವೆಂದು ಗೊತ್ತಾದ ಶನಿವಾರವೇ ಕಳ್ಳಿ ಯಾರೆಂದು ಕಾಶಿಬಾಯಿಗೆ ತಿಳಿದುಹೋಯಿತು. ಸಾಕ್ಷಿ ಮಾತ್ರ ಬೇಕಿತ್ತು.

ಹೋದ ಸೋಮವಾರ ಕೋಟು ಇತ್ತು. ಅದರಲ್ಲಿ ಅನುಮಾನವಿಲ್ಲ. ಚಳಿ ಬಿತ್ತೆಂದು ಬಿಸಿಲಿಗೆ ಹಾಕಲು ಆಕೆಯೇ ತೆಗೆದಿದ್ದಳು. ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದ್ದ ಕೋಟು. ಗಂಟು ಬಿಚ್ಚಲು ಕೈ ಏಳಲಿಲ್ಲ. ಹಾಗೇ ಟ್ರಂಕಿನಲ್ಲಿಟ್ಟು ಚಿಲಕ ಹಾಕಿದ್ದಳು. ಅಷ್ಟು ಚೆನ್ನಾಗಿ ನೆನಪಿತ್ತು.

ವನಜಾಕ್ಷಿ ಮಾತ್ರ ಕಲಾವತಿಯ ಹೆಸರು ಹೇಳಿದಳು. ಕಲಾವತಿ ಪಾತ್ರೆ ತಿಕ್ಕಿ ಕಸ ಗುಡಿಸಲು ಬರುವವಳು. ಮನೆಗೆ ಹೊರಗಿನವರು ಎಂದರೆ ಅವಳೊಬ್ಬಳೇ, ಆದ್ದರಿಂದ ಅವಳೇ, ಎಂಬುದು ವನಜಾಕ್ಷಿಯ ಲೆಕ್ಕ.

ಭಾನುವಾರ ಬೆಳಿಗ್ಗೆ ಬಸವಂತ ವಿಚಾರಣೆ ಕೂಡಿಸಿದ. ಹಿಂದೊಮ್ಮೆ ಆಫೀಸಿನಲ್ಲಿ ಯಾವುದೋ ವಿಚಾರಣೆ ನಡೆದಾಗ ಬರೆದುಕೊಳ್ಳಲು ಕುಳಿತಿದ್ದವನು ಅವನು. ಆ ದಿನದಿಂದ ತಾನೂ ಒಬ್ಬರನ್ನು ವಿಚಾರಿಸಬೇಕೆಂಬ ಮಹದಾಸೆ ಅವನ ಎದೆಯಲ್ಲಿ ಕುದಿಯುತ್ತಿತ್ತು. ಮೇಜು ಹಾಕಿದ. ದೌತಿ ಇಟ್ಟ. ಪಕ್ಕದ ಮನೆಯ ಜಯಾಳನ್ನು ಕರೆಸಿದ. ದಿನಾ ಮಧ್ಯಾಹ್ನ ಅವಳು ತನ್ನ ಮನೆ ಮುಂದಿನ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಇವರ ಬಾಗಿಲಿಂದ ಹೋಗುವವರು ಬರುವವರು ಎಲ್ಲ ಅವಳ ಕಣ್ಣ ಮುಂದೆಯೇ.

ಜಯಾ ಮೈಸೂರು ಕಡೆಯ ಹುಡುಗಿ. ಮದುವೆಯಾಗಿ ವರ್ಷವಾಗಿರಲಿಲ್ಲ. ಬಹಳ ಮರ್ಯಾದಸ್ಥೆ. ದೊಡ್ಡವರು ಕೇಳಿದ್ದಕ್ಕೆ ಇಲ್ಲ ಎನ್ನಬಾರದೆಂದು ಅವಳ ತಾಯಿ ಕಲಿಸಿದ್ದಳು. ಅದನ್ನು ಅವಳು ಕಲಿತದ್ದು ಎಷ್ಟೆಂದರೆ, ಊಟಕ್ಕೆ ಕರೆದರೆ ಉಂಡು ಬಂದಿದ್ದರೂ ಉಣ್ಣುತ್ತಿದ್ದಳು.

ಕಲಾವತಿ ಗಂಟು ಒಯ್ದದ್ದನ್ನು ಕಂಡೆಯಾ ಎಂದು ಬಸವಂತ ಕೇಳಿದ. ಕಂಡಿರಬಹುದು ಎಂದಳು. ಸೆರಗಿನಲ್ಲಿ ಮುಚ್ಚಿಕೊಂಡಿದ್ದಳೋ ಎಂದ. ಮುಚ್ಚಿಕೊಂಡಿದ್ದಳು. ಅಥವಾ ಯಾರಾದರೂ ಗಂಡಸು ಬಂದಿದ್ದನೋ. ಗಂಡಸೂ ಬಂದಿದ್ದ. ರುಮಾಲು ಇತ್ತೋ. ಇತ್ತು. ಕೆಂಪೋ. ಕೆಂಪೇ. ಅರ್ಧ ಗಂಟೆ ಮುಗಿಯುವಷ್ಟರಲ್ಲಿ ಕಳ್ಳ ಸೀರೆಯುಟ್ಟಿದ್ದ, ಮೀಸೆ ಬಿಟ್ಟಿದ್ದ, ಕೆಂಪು ರುಮಾಲು ಸುತ್ತಿದ್ದ, ಉದ್ದಕ್ಕಿದ್ದು ಗಿಡ್ಡವಾಗಿದ್ದ ಮತ್ತು ಮುಂದಿನ ಬಾಗಿಲಿಂದಲೂ ಹಿತ್ತಲ ಬಾಗಿಲಿಂದಲೂ ಒಟ್ಟಿಗೇ ಓಡಿಹೋಗಿದ್ದ. ಬಸವಂತ ಎಲ್ಲವನ್ನೂ ಬರೆದು ಸಹಿ ಹಾಕಿಸಿಕೊಂಡ. ಸಹಿ ಹಾಕಿ ಜಯಾ ಕೇಳಿದಳು.

"ಸರಿಯಾಗಿ ಹೇಳಿದ್ನಾ ಅಣ್ಣ?"

ಕಾಗದದಲ್ಲಿ ಕಲಾವತಿಯ ಹೆಸರು ನಾಲ್ಕು ಕಡೆ ಇತ್ತು. ಇವತ್ತೇ ಅದನ್ನು ಪೊಲೀಸ್ ಚೌಕಿಗೆ ಒಯ್ಯುತ್ತೇನೆ ಎಂದ ಬಸವಂತ. ಮೋರಿಯ ಬಳಿ ಕುಳಿತಿದ್ದ ಕಲಾವತಿ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಕೈಯ ಬೂದಿ ಕೊಡವಿದಳು.

"ಆಧೀ ಮಾಝಂ ನಾವ್ ಪುಸಾ," ಎಂದಳು. "ನಂತರ್ ಭಾಂಡಿ."

ಮೊದಲು ನನ್ನ ಹೆಸರು ಒರಸಿ, ಆಮೇಲೆ ಪಾತ್ರೆ. ಅಷ್ಟು ಹೇಳಿ ಹೊರಟುಹೋದಳು. ಅವಳು ಇನ್ನೂ ಐದು ಮನೆಗೆ ಹೋಗುವವಳು. ಕಳ್ಳಿ ಎಂದು ಒಂದು ಮನೆಯಲ್ಲಿ ಆದರೆ ಐದೂ ಮನೆ ಹೋದಂತೆ. ಅದು ಕಾಶಿಬಾಯಿಗೆ ಗೊತ್ತಿತ್ತು.

"ಬಸವಂತ, ನಾಳೆ ಸಂಜೀತನಕಾ ಆ ಕಾಗದ ಒಯ್ಯಬ್ಯಾಡ," ಎಂದಳು.

"ಯಾಕ ವೈನಿ? ಸಾಕ್ಷಿ ಬರೋಬರ್ ಹೇಳ್ಯಾಳಲ್ಲ."

"ಆ ಹುಡುಗಿ ನೀ ಕೇಳಿದ್ದು ಹೇಳ್ಯಾಳ. ತಾ ಕಂಡದ್ದು ಹೇಳಿಲ್ಲ."

ಕಾಶಿಬಾಯಿ ಶಾಲೆಯ ಮೆಟ್ಟಿಲು ಹತ್ತಿದ್ದು ಎರಡು ವರ್ಷ. ಆದರೆ ವಿಚಾರಣೆ ಆಕೆಗೆ ಹೊಸದಲ್ಲ. ಒಮ್ಮೆ ರುದ್ರಪ್ಪನವರ ಗಾಡಿ ಎಮ್ಮೆಗೆ ಬಡಿದಾಗ ಸಾಹೇಬರು ಮೂರು ದಿನ ಕೂಡಿಸಿ ಕೇಳಿದ್ದರು. ಕೈಕಂಬದ ಸಿಗ್ನಲ್ ದೀಪ ಕೆಂಪಿತ್ತೋ ಹಸಿರಿತ್ತೋ? ಹಸಿರಲ್ಲವೋ? ಕೆಂಪೇ ಅಲ್ಲವೋ? ಮೂರನೆಯ ದಿನ ಮನೆಗೆ ಬಂದು, ನಾನು ಆ ಗಾಡಿಯಲ್ಲಿದ್ದೆನೋ ಇಲ್ಲವೋ ಅದೂ ತಿಳಿಯದಾಗಿದೆ ಎಂದರು ಪಾಪ. ಕಾಶಿಬಾಯಿ ಅವರ ಡ್ಯೂಟಿ ಪೆಟ್ಟಿಗೆಯನ್ನು ನಡುಮನೆಯಲ್ಲಿಟ್ಟಳು. ಅದರ ಮೇಲೆ ಅವರನ್ನು ಕೂಡಿಸಿದಳು, ಗಾಡಿಯಲ್ಲಿ ಕೂಡುವ ಹಾಗೆಯೇ ಹಿಮ್ಮುಖವಾಗಿ. ಕೈಗೆ ಲಾಟೀನು ಕೊಟ್ಟಳು. ಕಡೆಯ ಸ್ಟೇಷನ್ನಿನಿಂದ ಹಿಂದಕ್ಕೆ ಒಂದೊಂದೇ ಹೇಳುತ್ತ ಬನ್ನಿ ಎಂದು ಸುಮ್ಮನೆ ಕುಳಿತಳು. ಮೂರನೆಯ ಸ್ಟೇಷನ್ನಿಗೆ ಬರುವಷ್ಟರಲ್ಲಿ ದೀಪ ನೆನಪಾಯಿತು, ಎಮ್ಮೆ ನೆನಪಾಯಿತು, ಊಟದ ಡಬ್ಬಿ ಯಾವ ಬೆಂಚಿನ ಮೇಲೆ ಬಿಟ್ಟು ಬಂದಿದ್ದರು ಎಂಬುದೂ ನೆನಪಾಯಿತು.

ಸೋಮವಾರ ಮಧ್ಯಾಹ್ನ ಮೂರಕ್ಕೆ ಜಯಾಳ ಕಟ್ಟೆಯ ಮುಂದೆ ಚಾಪೆ ಹಾಸಲಾಯಿತು. ಕಲಾವತಿಯನ್ನು ಕರೆಸಲಾಯಿತು. ವನಜಾಕ್ಷಿಯನ್ನು ಎದುರಿಗೇ ಕೂಡಿಸಲಾಯಿತು. ಬಸವಂತ ವಿಚಾರಣೆಯ ನಿಮಿತ್ತ ಅರ್ಧ ದಿನ ರಜೆ ಹಾಕಿ ಬಂದಿದ್ದ. ನಡುವೆ ಯಾರೂ ಬಾಯಿ ಹಾಕಬಾರದೆಂದು ಕಾಶಿಬಾಯಿ ಅಪ್ಪಣೆ ಮಾಡಿದಳು. ಬಸವಂತನ ಮೇಲೆ ನಂಬಿಕೆ ಸಾಲದೆ ಅವನ ಬಾಯಿಗೆ ಒಂದು ಶೇಂಗಾ ಉಂಡಿ ಇಟ್ಟಳು. (ಆಕೆಯ ಉಂಡಿಯ ಬೆಲ್ಲದ ಪಾಕ ಸ್ವಲ್ಪ ಬಿಗಿ. ಒಂದು ಮುಗಿಯಲು ಕಾಲು ಗಂಟೆ ಬೇಕು.)

ಜಯಾಳ ತೊಡೆಯ ಮೇಲೆ ಮೊರ, ಮೊರದಲ್ಲಿ ತೊಗರಿಬೇಳೆ. ಹೋದ ಸೋಮವಾರವೂ ಅದನ್ನೇ ಆರಿಸುತ್ತಿದ್ದಳು.

"ಕಣ್ಣ ಮುಚ್ಚು. ಕೈ ಬ್ಯಾಳ್ಯಾಗ ಇರಲಿ," ಎಂದಳು ಕಾಶಿಬಾಯಿ. "ಅವತ್ತ ಏನ ವಾಸನಿ ಬಂತು, ಏನ ಸಪ್ಪಳಾತು, ಅಲ್ಲಿಂದ ಹೇಳು. ಬ್ಯಾಡಾದ್ದೂ ಹೇಳು. ಏನೂ ಬಿಡಬ್ಯಾಡ. ಗೊತ್ತಿಲ್ಲದಿದ್ರ ಗೊತ್ತಿಲ್ಲ ಅನ್ನು."

"ಗೊತ್ತಿಲ್ಲ ಅಂದ್ರೆ ಬೇಜಾರು ಮಾಡ್ಕೊಳಲ್ವಾ ದೊಡ್ಡಮ್ಮ?"

"ಗೊತ್ತಿಲ್ಲ ಅಂದಾಗೊಮ್ಮೆ ಒಂದು ಉಂಡಿ."

ಜಯಾ ಕಣ್ಣು ಮುಚ್ಚಿದಳು. ಕೈ ಬೇಳೆಯಲ್ಲಿ ಆಡತೊಡಗಿತು. ಬಹಳ ಹೊತ್ತು ಏನೂ ಬರಲಿಲ್ಲ. ಕಾಶಿಬಾಯಿ ಕೇಳಲಿಲ್ಲ, ಕೆಮ್ಮಲಿಲ್ಲ. ಮೂರು ಗಂಟೆಯ ಮಾಲ್ ಗಾಡಿ ದೂರದಲ್ಲಿ ಕೂಗಿತು. ಆ ಕೂಗಿಗೆ ಹುಡುಗಿಯ ಹುಬ್ಬು ಅಲುಗಿತು.

ಅವತ್ತೂ ಗಾಡಿ ಕೂಗಿತ್ತು ಎಂದಳು. ಯಾರದೋ ಮನೆಯಲ್ಲಿ ಇಂಗಿನ ಒಗ್ಗರಣೆ. ಬೇಳೆಯಲ್ಲಿ ಒಂದು ಹಸಿರು ಕಲ್ಲು. ಬೇವಿನ ಮರದಲ್ಲಿ ಕಾಗೆ. ಕಾಗೆ ಒಂದೇ ಸಮನೆ ಕೂಗಿದ್ದಕ್ಕೆ, ಊರಿಂದ ಅಮ್ಮ ಬರಬಹುದು ಅಂದುಕೊಂಡದ್ದು. ಒಂದೊಂದೇ ಬಂತು. ನಿನ್ನೆ ಮೇಜಿನ ಮುಂದೆ ಮಿಡುಕುತ್ತಿದ್ದ ಹುಡುಗಿ ಇವಳೇನಾ ಎನ್ನುವ ಹಾಗೆ ಬಂತು. ಬಸವಂತ ಉಂಡಿಯೊಳಗಿಂದ ಏನೋ ಅನ್ನಹೋದ. ಕಾಶಿಬಾಯಿ ಇನ್ನೊಂದು ಉಂಡಿ ತೋರಿಸಿದಳು. ಸುಮ್ಮನಾದ.

"ಬಾಗಿಲು ತೆಗೀತು," ಎಂದಳು ಜಯಾ. "ನೀವು ಬಂದ್ರಿ ದೊಡ್ಡಮ್ಮ. ಕೈಲಿ ಹಸಿರು ಗಂಟು."

ಕಾಶಿಬಾಯಿ ಎಲ್ಲರ ಮುಖ ನೋಡಿದಳು. ಕೇಳಿದಿರಾ, ಸಾಕ್ಷಿ ಎಂದರೆ ಹೀಗೆ, ಎಂಬಂತೆ. ವನಜಾಕ್ಷಿಯ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ನಿಮ್ಮ ಕಟ್ಟೆ ಮೇಲೆ ಕೂತ್ರಿ. ಗಂಟಿನ ಮೇಲೆ ಕೈ ಇಟ್ರಿ. ಬಿಚ್ಚಲಿಲ್ಲ. ತುಂಬಾ ಹೊತ್ತು ಹಾಗೇ ಇದ್ರಿ. ಅಳ್ತಿದ್ರಿ. ನಾನು ನೋಡಬಾರದು ಅಂತ ಬೇಳೆ ನೋಡ್ದೆ."

ಕಾಶಿಬಾಯಿ ಗಂಟಲು ಸರಿಮಾಡಿಕೊಂಡಳು. ತನ್ನ ಕಟ್ಟಳೆಯನ್ನು ತಾನೇ ಮುರಿದು, "ಆಮ್ಯಾಲೆ ನಾ ಒಳಗ ಒಯ್ದು ಟ್ರಂಕಿನ್ಯಾಗ ಇಟ್ಟೆ," ಎಂದು ದಾರಿ ತೋರಿಸಿದಳು.

"ಇಲ್ಲ ದೊಡ್ಡಮ್ಮ," ಎಂದಳು ಜಯಾ.

ಹುಟ್ಟಿದಾಗಿನಿಂದ ದೊಡ್ಡವರಿಗೆ ಅವಳು ಹೇಳಿದ ಮೊದಲನೆಯ ಇಲ್ಲ ಅದು. ಹೇಳಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿಯೇ ಇತ್ತು, ಬೇಳೆ ಓಡುತ್ತಿತ್ತು. ಅಷ್ಟರಲ್ಲಿ ಬೋಹಾರಿಣ ಬಂದಳು ಎಂದಳು.

ಬೋಹಾರಿಣ ಎಂದರೆ ಹಳೆಯ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವವಳು. ಆ ವರ್ಷ ನಾಗಪುರ ರಾಜಧಾನಿಯ ಪಟ್ಟ ಕಳೆದುಕೊಂಡಿತ್ತು. ನೌಕರರು ಮನೆ ಖಾಲಿ ಮಾಡಿ ಭೋಪಾಲಕ್ಕೂ ಮುಂಬಯಿಗೂ ಹೊರಟಿದ್ದರು. ಹಳೇ ಬಟ್ಟೆ ಹೊರೆಹೊರೆಯಾಗಿ ಹೊರಬೀಳುತ್ತಿತ್ತು. ಬೋಹಾರಿಣರಿಗೆ ಸುಗ್ಗಿ. ಕಾಶಿಬಾಯಿಯೂ ಮನೆಯ ಹಳೇ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು, ಅದೇ ಹಸಿರು ಸೀರೆಯ ಇನ್ನೊಂದು ತುಂಡಿನಲ್ಲಿ.

ಜಯಾ ಹೇಳುತ್ತ ಹೋದಳು. ದೊಡ್ಡಮ್ಮ ಗಂಟನ್ನು ಕಟ್ಟೆಯ ಮೇಲೆ ಬಿಟ್ಟು ಒಳಗೆ ಹೋದರು. ಹುಡುಕಿದ ಸಪ್ಪಳವಾಯಿತು. ಬರಿಗೈಯಲ್ಲಿ ಬಂದರು. ಕಣ್ಣು ಇನ್ನೂ ಒದ್ದೆಯಾಗಿತ್ತು. ಕಟ್ಟೆಯ ಮೇಲಿನ ಗಂಟು ಕಂಡು, ಇಲ್ಲೇ ಐತಲ್ಲ ಅಂದರು. ಎತ್ತಿ ಕೊಟ್ಟರು.

ಕಾಶಿಬಾಯಿಯ ಬಾಯಿ ತೆರೆಯಿತು. ಸಾಕ್ಷಿಗೆ ಏನೂ ಬಿಡಬೇಡ ಎಂದು ಹೇಳಿದ್ದಳು. ಸಾಕ್ಷಿ ಏನೂ ಬಿಡಲಿಲ್ಲ.

"ಆಮೇಲೆ ಮುಕ್ಕಾಲು ಗಂಟೆ ಚೌಕಾಸಿ ಮಾಡಿದ್ರಿ. ಅವಳು ಸಣ್ಣ ಬೋಗುಣಿ ತೋರಿಸಿದಳು, ನೀವು ಒಪ್ಪಲಿಲ್ಲ. ಅವಳು ಗಂಟು ಎತ್ತಿ ನೋಡಿ ಲಗುಬಗೆಯಿಂದ ದೊಡ್ಡದು ತೆಗೆದಳು. ತಳ ನಮ್ಮ ವನಜಾಕ್ಷಿ ರೊಟ್ಟಿಯಷ್ಟು ದಪ್ಪ ಇರ್ಬೇಕು ಅಂದ್ರಿ. ಇದೆ ಅಂತ ಬಡಿದು ತೋರಿಸಿದಳು. ನೀವು ತಗೊಂಡು ಒಳಗೆ ಹೋದ್ರಿ. ಹಾಡು ಹೇಳ್ಕೊಂಡು."

ಆ ಹಿತ್ತಾಳೆ ಬೋಗುಣಿಯನ್ನು ಕಾಶಿಬಾಯಿ ಎಂಟು ದಿನದಲ್ಲಿ ಏಳು ಮನೆಗೆ ತೋರಿಸಿ ಬಂದಿದ್ದಳು. ಚಿಂದಿಗೆ ಚಿನ್ನದಂಥ ಬೋಗುಣಿ ಹೊಡೆದವಳೆಂದು ಕ್ವಾರ್ಟರ್ಸಿನಲ್ಲಿ ಹೆಸರಾಗಿತ್ತು.

ಬಾಗಿಲ ಹಿಂದಿನ ಗಂಟು ಏನಾಯಿತು ಎಂದು ಈಗ ಯಾರೂ ಕೇಳಬೇಕಾಗಿರಲಿಲ್ಲ. ವನಜಾಕ್ಷಿ ತಾನಾಗಿ ಹೇಳಿದಳು. ಕೌದಿ ಹೊಲಿಯಲು ಅದರ ಹಿಂದಿನ ದಿನವೇ ಬಿಚ್ಚಿಕೊಂಡಿದ್ದಳಂತೆ. ಆಮೇಲೆ ತುಸು ತಡೆದು, "ರೊಟ್ಟಿ ದಪ್ಪ ಆಗತಾವು ಅಂದ್ರ ನನಗ ಹೇಳಬೇಕಿತ್ತು ಅಕ್ಕಾ," ಎಂದಳು. "ಬೋಹಾರಿಣಿಗೆ ಹೇಳಿದ್ರ ಆಕಿ ಏನ ಮಾಡ್ಯಾಳು?"

ಬಸವಂತ ಅಷ್ಟರಲ್ಲಿ ಉಂಡಿ ಮುಗಿಸಿದ್ದ. ಇದನ್ನೆಲ್ಲ ನಿನ್ನೆ ಯಾಕೆ ಹೇಳಲಿಲ್ಲ ಎಂದು ಸಾಕ್ಷಿಯನ್ನು ಗದರಿದ. ಜಯಾ ಕಣ್ಣು ತೆರೆದಳು.

"ಯಾರು ಕದ್ದರು ಅಂತ ಕೇಳಿದ್ರಿ ಅಣ್ಣ. ಯಾರೂ ಕದೀಲಿಲ್ವಲ್ಲ."

ಇನ್ನೊಬ್ಬಳಾಗಿದ್ದರೆ ಅಲ್ಲಿಗೆ ಚಾಪೆ ಮಡಿಚುತ್ತಿದ್ದಳು. ಕಾಶಿಬಾಯಿಗೆ ಕಿವಿಯವರೆಗೆ ಕೆಂಪೇರಿತ್ತು. ಆದರೆ ಕಳ್ಳಿ ಯಾರೆಂದು ತಿಳಿದರೆ ಸಾಲದು, ಕೋಟು ಬೇಕಿತ್ತು. ಕಳ್ಳಿ ತಾನೇ ಎಂದು ಕೋಟನ್ನು ಬಿಡುವುದುಂಟೇ.

"ಕಣ್ಣ ಮುಚ್ಚು," ಎಂದಳು. "ಈಗ ಕಡೀಂದ ಹಿಂದಕ್ಕ ಹೇಳು."

ಜಯಾ ಕಡೆಯಿಂದ ಬಂದಳು. ಸಂಜೆಯಾಯಿತು, ತಾನು ಒಳಗೆ ಹೋದೆ. ಅದಕ್ಕೆ ಮೊದಲು ಬೋಹಾರಿಣ ಗೇಟು ದಾಟಿದಳು. ಅದಕ್ಕೆ ಮೊದಲು ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮುಂದಿನಿಂದ ಹೇಳುವಾಗ ಈ ಕುಳಿತದ್ದು ಬಂದೇ ಇರಲಿಲ್ಲ. ಏನು ಮಾಡುತ್ತಿದ್ದಳು? ಗೊತ್ತಿಲ್ಲ, ಬೆನ್ನು ಈಚೆ ಇತ್ತು. ಕಾಶಿಬಾಯಿ ಮಾತಿಗೆ ತಪ್ಪದೆ ಒಂದು ಉಂಡಿ ಕೊಟ್ಟಳು. ಬೇವಿನ ಮರದ ಕಡೆ ನೋಡಿದಳು.

"ಗಿಡದಾಗ ಕಾಗಿ ಇತ್ತಂದಿ. ನೀನೇ ಆ ಕಾಗಿ ಅಂತ ತಿಳಕೊ. ಮ್ಯಾಲಿಂದ ನೋಡು. ಕಂಡಷ್ಟ ಹೇಳು."

ಬಸವಂತ ತಲೆಗೆ ಕೈ ಹಚ್ಚಿಕೊಂಡ. ಕಾಗೆಯ ಸಾಕ್ಷಿಯನ್ನು ಯಾವ ಸರಕಾರವೂ ಒಪ್ಪುವುದಿಲ್ಲ ಎಂದು ಗೊಣಗಿದ. ಜಯಾ ಮಾತ್ರ ಕುತ್ತಿಗೆ ಉದ್ದ ಮಾಡಿ, ತಲೆ ವಾರೆ ಮಾಡಿ, ಕೆಳಗೆ ನೋಡಿದಳು. ಒಂದು ಗಳಿಗೆ ನಿಜವಾಗಿಯೂ ಕಾಗೆಯ ಹಾಗೇ ಕಂಡಳು.

"ಗಂಟು ಬಿಚ್ಚಿದಾಳೆ," ಎಂದಳು. "ಹೊಳೀತಿದೆ. ಗುಂಡಿ. ಲೆಕ್ಕ ಮಾಡ್ತಿದಾಳೆ. ತನ್ನಷ್ಟಕ್ಕೆ ನಗ್ತಾಳೆ. ಬರ್ಡಿಯ ಬ್ಯಾಂಡು, ಪಾಂಡುರಂಗ ಮಾಸ್ತರ ತಗೋತಾನೆ, ಅಂತಾಳೆ."

ಕಾಶಿಬಾಯಿ ಎದ್ದು ನಿಂತಳು. ಎರಡು ವರ್ಷದಲ್ಲಿ ಆಕೆ ಅಷ್ಟು ಜೋರಾಗಿ ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಮೊದಲು ಬಸವಂತನ ಕಾಗದ ತೆಗೆದು ನಾಲ್ಕು ಚೂರು ಮಾಡಿದಳು. ಕಲಾವತಿಯ ಮುಂದೆ ಹೋಗಿ ತಪ್ಪು ನನ್ನದು, ಹೆಸರು ಒರಸಿದ್ದಾಯಿತು ಎಂದಳು. ಕಲಾವತಿ ತಲೆಯಾಡಿಸಿದಳು. ನಾಳೆಯಿಂದ ಬರುತ್ತೇನೆ, ಎರಡು ದಿನದ ಪಾತ್ರೆ ತಿಕ್ಕುವುದು ಕಾಶಿಬಾಯಿಯವರ ಪಾಲು ಎಂದು ತೀರ್ಪು ಕೊಟ್ಟಳು. ತೀರ್ಪು ನ್ಯಾಯವಾಗಿತ್ತು. ಕಾಶಿಬಾಯಿ ಮೋರಿಗೆ ಹೋಗಿ ಕುಳಿತು ರಾಶಿಯನ್ನೆಲ್ಲ ತಿಕ್ಕಿದಳು. ಬೋಗುಣಿಯನ್ನು ಕಡೆಗೆ ತಿಕ್ಕಿದಳು, ಬೆಳಗುವಂತೆ. ಸೊಂಟಕ್ಕೆ ಇಟ್ಟುಕೊಂಡು, ಬಸವಂತನನ್ನು ಎಳೆದುಕೊಂಡು ಟಾಂಗಾ ಹತ್ತಿದಳು.

ಬರ್ಡಿ ಎಂದರೆ ಸೀತಾಬರ್ಡಿ, ಊರಿನ ದೊಡ್ಡ ಪೇಟೆ. ಅಲ್ಲಿ ಬ್ಯಾಂಡಿನ ಅಂಗಡಿಗೆ ಬೀಗ. ಮಾಸ್ತರರು ಮೆರವಣಿಗೆಗೆ ಹೋಗಿದ್ದಾರೆ ಎಂದರು ಪಕ್ಕದವರು. ಹುಡುಕುವುದೇನೂ ಕಷ್ಟವಾಗಲಿಲ್ಲ. ಬಟ್ಟೆ ಅಂಗಡಿಗಳ ಸಾಲಿನಲ್ಲಿ ಕುದುರೆಯ ಮೇಲೆ ಮದುಮಗ, ಅವನ ಮುಂದೆ ಹನ್ನೆರಡು ಜನ ಕೆಂಪು ಅಂಗಿಯವರು ಊದುತ್ತ ಬಡಿಯುತ್ತ ಬರುತ್ತಿದ್ದರು. ಎಲ್ಲರ ಮುಂದೆ ಕ್ಲಾರಿನೆಟ್ ಹಿಡಿದು ಒಬ್ಬ ನಡೆಯುತ್ತಿದ್ದ. ನೀಲಿ ಕೋಟು. ಎರಡು ಸಾಲು ಗುಂಡಿ.

ಕಾಶಿಬಾಯಿ ನೇರ ಹೋಗಿ ಅವನ ಮುಂದೆ ನಿಂತಳು. ಕ್ಲಾರಿನೆಟ್ ನಿಂತಿತು. ಅದರ ಹಿಂದೆ ಡೋಲು ನಿಂತಿತು. ಕುದುರೆಯೂ ನಿಂತಿತು. ತನಗೆ ಬರುವ ಅರ್ಧ ಮರಾಠಿಯಲ್ಲಿ ಆಕೆ ವಿಷಯ ಹೇಳಿದಳು. ಕೋಟು ತನ್ನ ಯಜಮಾನರದು. ತಾನೇ ಕೊಟ್ಟದ್ದು, ಅಳುತ್ತ ಕೊಟ್ಟದ್ದು. ಬೋಗುಣಿ ಇಲ್ಲಿದೆ.

ಪಾಂಡುರಂಗ ಮಾಸ್ತರ ಬೋಗುಣಿಯನ್ನು ಬೆರಳಿನಿಂದ ಬಡಿದು ನೋಡಿದ. ನಾದ ಅವನಿಗೆ ಹಿಡಿಸಿತು. ಒಪ್ಪಿದ. ಆದರೆ ಕೋಟಿನ ಒಳಗೆ ಬನಿಯನ್ ಸಹ ಇಲ್ಲ, ಬರ್ಡಿಯ ನಡುವೆ ಬಿಚ್ಚುವುದು ಹೇಗೆ ಎಂದ. ಹೆಣ್ಣಿನ ಮನೆಯ ಬಾಗಿಲವರೆಗೆ ನಡೆಯಿರಿ, ಅಲ್ಲಿ ಕೊಡುತ್ತೇನೆ.

ಕಾಶಿಬಾಯಿಗೆ ಈ ಕೋಟನ್ನು ಇನ್ನೊಮ್ಮೆ ಕಣ್ಣಿನಿಂದ ಅಗಲಿಸುವ ಮನಸ್ಸಿರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬೋಗುಣಿ ಸೊಂಟದಲ್ಲಿ. ಬ್ಯಾಂಡಿನ ಹಿಂದೆ, ಕುದುರೆಯ ಮುಂದೆ, ನಡೆದಳು. ಗಂಡ ಸತ್ತವಳು ಮದುವೆಯ ಮೆರವಣಿಗೆಗೆ ಅಡ್ಡ ಬರಬಾರದು ಎನ್ನುತ್ತಾರೆ. ಆಕೆ ಅಡ್ಡ ಬರಲಿಲ್ಲ, ಉದ್ದಕ್ಕೇ ಹೋದಳು. ಬಸವಂತ ರಸ್ತೆಯ ಆಚೆ ಬದಿಯಲ್ಲಿ ಅಂಗಡಿಗಳ ಬೋರ್ಡು ಓದುತ್ತ, ಯಾರಿಗೂ ಸಂಬಂಧವಿಲ್ಲದವನಂತೆ ಬಂದ.

ಹಿಂದಿನಿಂದ ನೋಡಿದರೆ ಆ ಹೆಗಲು, ಆ ಬೆನ್ನು. ಎಡ ತೋಳಿನ ಕೆಳಗೆ ತಾನೇ ಹಾಕಿದ್ದ ಹೊಲಿಗೆ. ರುದ್ರಪ್ಪನವರಿಗೆ ಸೀಟಿ ಊದುವುದೊಂದು ಬರುತ್ತಿತ್ತು. ಅದನ್ನೂ ಒಂದೇ ಸಲ ಊದುತ್ತಿದ್ದರು. ಇವತ್ತು ಆ ಕೋಟು ಬರ್ಡಿಯ ತುಂಬ ಊದುತ್ತ ಹೋಗುತ್ತಿತ್ತು. ಜನ ದಾರಿ ಬಿಡುತ್ತಿದ್ದರು. ಕಾಶಿಬಾಯಿಗೆ ಕಣ್ಣು ತುಂಬಿತು. ಒರಸಿಕೊಳ್ಳಲಿಲ್ಲ, ಒಂದು ಕೈಯಲ್ಲಿ ಬೋಗುಣಿ ಇತ್ತು, ಇನ್ನೊಂದು ಕೈ ತಾಳಕ್ಕೆ ಸರಿಯಾಗಿ ತೊಡೆಯ ಮೇಲೆ ಬೀಳುತ್ತಿತ್ತು. ಅದನ್ನು ಆಕೆ ಆಮೇಲೆ ಒಪ್ಪಲಿಲ್ಲ.

ಹೆಣ್ಣಿನ ಮನೆಯ ಬಾಗಿಲಲ್ಲಿ ಮಾಸ್ತರ ಯಾರಿಂದಲೋ ಶಾಲು ಪಡೆದು ಹೊದ್ದು ಕೋಟು ಬಿಚ್ಚಿದ. ಮಡಿಸಿ ಎರಡೂ ಕೈಯಲ್ಲಿ ಕೊಟ್ಟ. ಬೋಗುಣಿ ತೆಗೆದುಕೊಂಡ. ಕೋಟು ಬೆಚ್ಚಗಿತ್ತು.

ಅಷ್ಟರಲ್ಲಿ ಹೆಣ್ಣಿನ ತಾಯಿ ಎದುರಾದಳು. ಕುದುರೆಯ ಮುಂದೆ ಗತ್ತಿನಿಂದ ನಡೆದು ಬಂದ ಈ ಹಿರಿಯಳು ಗಂಡಿನ ಕಡೆಯ ಯಾವ ಅಜ್ಜಿಯೋ ಎಂದು ಗಾಬರಿ ಅವಳಿಗೆ. ತಾವು ಯಾವ ಕಡೆಯವರು ಎಂದು ಕೈ ಮುಗಿದು ಕೇಳಿದಳು.

ಸುಳ್ಳು ಹೇಳಿ ಕಾಶಿಬಾಯಿಗೆ ರೂಢಿಯಿಲ್ಲ. ಗಂಡಿನ ಕಡೆಯಲ್ಲ, ಹೆಣ್ಣಿನ ಕಡೆಯಲ್ಲ. ತುಸು ಯೋಚಿಸಿ ನಿಜ ಹೇಳಿದಳು.

"ಬ್ಯಾಂಡ್ ಕಡೆ."

ಆದ್ದರಿಂದ ಆಕೆಯನ್ನು ಬ್ಯಾಂಡಿನವರ ಪಂಕ್ತಿಯಲ್ಲಿಯೇ ಕೂಡಿಸಿದರು, ಡೋಲಿನವನಿಗೂ ತಾಳದವನಿಗೂ ನಡುವೆ. ಡೋಲಿನವನು ಆಕೆಯ ಎಲೆ ನೋಡಿ, ಹೊಸಬರು, ಚೆನ್ನಾಗಿ ಬಡಿಸಿ ಎಂದು ಕೂಗಿ ಹೇಳಿದ. ಹೊರಗೆ ಗೋಡೆಗೆ ಒರಗಿ ಬಸವಂತ ಹಸಿದು ನಿಂತಿದ್ದ. ಒಳಗೆ ಬಾ ಎಂದು ಕಣ್ಸನ್ನೆ ಮಾಡಿದರೆ ಮುಖ ತಿರುಗಿಸಿದ. ಕಾಶಿಬಾಯಿ ಕೋಟನ್ನು ತೊಡೆಯ ಮೇಲೆ ಸರಿಯಾಗಿ ಹಾಸಿಕೊಂಡಳು. ಎರಡನೆಯ ಸಲ ಜಿಲೇಬಿ ಬಂದಾಗಲೂ ಬೇಡ ಅನ್ನಲಿಲ್ಲ.